ಅಕ್ಷರವೇಷ: ಯುನಿಕೋಡ್ ಚಿಹ್ನೆಗಳಿಂದ ಬರಹ ಮರೆಸುವುದು

ಕಣ್ಣಿಗೆ ಮಾಮೂಲಿ ಬರಹದಂತೆ ಕಂಡು, ಕಂಪ್ಯೂಟರಿಗೆ ಮಾತ್ರ ಬೇರೆಯೇ ಏನೋ ಆಗಿ ಸಿಗುವಂತೆ ಯುನಿಕೋಡ್ ಚಿಹ್ನೆಗಳನ್ನು ಅದಲುಬದಲು ಮಾಡಿಡುವ ತಂತ್ರವನ್ನು ಅಕ್ಷರವೇಷ ಎನ್ನಬಹುದು. ಒಂದು ಲಿಪಿಯ ಅಕ್ಷರ ಇರಬೇಕಾದ ಕಡೆ ಅದೇ ಆಕಾರದ ಇನ್ನೊಂದು ಲಿಪಿಯ ಅಕ್ಷರ ಕೂರಿಸುವುದು, ಪದದ ನಡುವೆ ಕಾಣದ ಚಿಹ್ನೆ ತೂರಿಸುವುದು, ಅಕ್ಷರದ ಜಾಗಕ್ಕೆ ಅಂಕಿ ತರುವುದು ಇದರ ಮುಖ್ಯ ಬಗೆಗಳು. ಮೋಸದ ಜಾಲತಾಣ ಕಟ್ಟುವವರು, ಬೈಗುಳವನ್ನು ಸೋಸುವ ತಂತ್ರಾಂಶದ ಕಣ್ಣು ತಪ್ಪಿಸುವವರು, ಕೃತಿಚೌರ್ಯ ಮುಚ್ಚಿಡುವವರು, ಸುಮ್ಮನೆ ತಮಾಷೆಗೆ ಹೆಸರನ್ನು ಸಿಂಗರಿಸಿಕೊಳ್ಳುವವರು ಎಲ್ಲರೂ ಇದನ್ನು ಬಳಸುತ್ತಾರೆ.

ಗೂಢಲಿಪಿಯ ದಾರಿ ಬೇರೆ. ಕುಮುದೇಂದು ಮುನಿಯ ಹೆಸರಿನಲ್ಲಿರುವ ಸಿರಿಭೂವಲಯದಲ್ಲಿ ಅಕ್ಷರಗಳ ಬದಲು 1ರಿಂದ 64ರವರೆಗಿನ ಅಂಕಿಗಳನ್ನು ಅಡ್ಡಕ್ಕೆ 27, ಉದ್ದಕ್ಕೆ 27 ಮನೆಗಳ ಚೌಕಗಳಲ್ಲಿ ತುಂಬಲಾಗಿದೆ. ಯಾವ ಮನೆಯಿಂದ ಯಾವ ಮನೆಗೆ ನಡೆಯಬೇಕೆಂಬ ಬಂಧ ಗೊತ್ತಿದ್ದವರಿಗಷ್ಟೇ ಪದ್ಯ ಸಿಗುತ್ತದೆ. ಎಲ್ಲಪ್ಪ ಶಾಸ್ತ್ರಿ ಮತ್ತು ಕರ್ಲಮಂಗಲಂ ಶ್ರೀಕಂಠಯ್ಯನವರ ಶ್ರಮದಿಂದ ಅದರ ಮೊದಲ ಭಾಗ 1953ರಲ್ಲಿ ಅಚ್ಚಾಯಿತು; ಕೃತಿಯ ಕಾಲದ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಅಲ್ಲಿ ಮರೆಯೇನಿದ್ದರೂ ಮನುಷ್ಯರಿಗೆ. ಅಕ್ಷರವೇಷದಲ್ಲಿ ಮನುಷ್ಯರು ಸಲೀಸಾಗಿ ಓದಿಕೊಳ್ಳುತ್ತಾರೆ, ಎಡವುವುದು ಯಂತ್ರ.

ಕನ್ನಡದ ಮಟ್ಟಿಗೆ ಇನ್ನೂ ಒಂದು ಮಾತು ಸೇರಿಸಬೇಕು. ಕನ್ನಡದಲ್ಲಿ ಬೇಕೆಂದೇ ವೇಷ ಹಾಕಿದ ಬರಹಕ್ಕಿಂತ, ತನಗೇ ಗೊತ್ತಿಲ್ಲದೆ ವೇಷದಲ್ಲಿ ಓಡಾಡುತ್ತಿರುವ ಬರಹವೇ ಹೆಚ್ಚು. ವೇಷ ಕಳಚಲು ಹೊರಟ ತಂತ್ರಾಂಶಗಳು ಹಲವು ಸಲ ಕಳಚುವುದು ಕನ್ನಡದ ಮೈಚರ್ಮವನ್ನೇ.

ಒಂದು ಪದದ ಒಳಗೆ

ಸಕಲೇಶಪುರ, ಆಲೂರು ಸೀಮೆಯ ಕಾಫಿ ತೋಟದವರ ಫೋನಿಗೆ ಬರುವ ದರದ ಸಂದೇಶದಲ್ಲಿ ಅರೇಬಿಕಾ ಪಾರ್ಚ್‌ಮೆಂಟ್, ಅರೇಬಿಕಾ ಚೆರಿ, ರೋಬಸ್ಟಾ ಪಾರ್ಚ್‌ಮೆಂಟ್, ರೋಬಸ್ಟಾ ಚೆರಿ ಎಂದು ಸಾಲುಗಳಿರುತ್ತವೆ; ಲೆಕ್ಕ 50 ಕೆಜಿ ಮೂಟೆಗೆ. ಇದರಲ್ಲಿ ‘ಪಾರ್ಚ್‌ಮೆಂಟ್’ ಎಂಬ ಒಂದೇ ಪದವನ್ನು ಬಿಚ್ಚಿ ನೋಡಿದರೆ ವಿಷಯದ ಮುಕ್ಕಾಲು ಪಾಲು ತಿಳಿಯುತ್ತದೆ. ಕಾಗದದ ಮೇಲೆ ನಾಲ್ಕೈದು ಅಕ್ಷರದ ಪದ. ಪ್ರತಿ ಚಿಹ್ನೆಗೂ ಒಂದೊಂದು ಸಂಖ್ಯೆ ಕೊಡುವ ಯುನಿಕೋಡ್ ಲೆಕ್ಕದಲ್ಲಿ ಹನ್ನೆರಡು: ಪ, ದೀರ್ಘ, ರ, ಹಲಂತ, ಚ, ಹಲಂತ, ಕಾಣದ ಒಂದು ಚಿಹ್ನೆ, ಮ, ಎತ್ವ, ಅನುಸ್ವಾರ, ಟ, ಹಲಂತ. ಏಳನೆಯದಾಗಿ ಕೂತಿರುವ ಕಾಣದ ಚಿಹ್ನೆಯ ಹೆಸರು ಶೂನ್ಯ ಅಗಲದ ವಿಭಾಜಕ, ಸಂಖ್ಯೆ 8204. ಅದು ಇಲ್ಲದಿದ್ದರೆ ಮ ಹೋಗಿ ಚ ಅಕ್ಷರದ ಕೆಳಗೆ ಒತ್ತಾಗಿ ‘ಪಾರ್ಚ್ಮೆಂಟ್’ ಆಗುತ್ತದೆ. ‘ಮಂಜರಾಬಾದ್‌ಗೆ’, ‘ಎಸ್ಟೇಟ್‌ನಲ್ಲಿ’ ಎಂದು ಬರೆಯುವಾಗಲೂ ಇದೇ ಚಿಹ್ನೆ ನಡುವೆ ನಿಂತು ಒತ್ತನ್ನು ತಡೆಯುತ್ತದೆ.

ಇನ್ನು ಅನುಸ್ವಾರ. ಅದರ ಸಂಖ್ಯೆ 3202. ಕನ್ನಡದ ಅಂಕಿ ಸೊನ್ನೆಯ ಸಂಖ್ಯೆ 3302. ಹೆಚ್ಚಿನ ಫಾಂಟುಗಳಲ್ಲಿ ಎರಡೂ ಒಂದೇ ಉರುಟು. ಶಾಲೆಯಲ್ಲಿ ಅನುಸ್ವಾರವನ್ನು ಸೊನ್ನೆ ಎಂದೇ ಹೇಳಿಕೊಡುವುದರಿಂದ ಎಷ್ಟೋ ಜನ ಅಂಕಿಯ ಸೊನ್ನೆಯನ್ನೇ ಒತ್ತಿ ‘ಬೆ೦ಗಳೂರು’, ‘ಪಾರ್ಚ್‌ಮೆ೦ಟ್’ ಎಂದು ಬರೆದಿದ್ದಾರೆ. ಇಂಥ ಬರಹ ಅಂತರಜಾಲದಲ್ಲಿ ಈಗಲೂ ರಾಶಿ ಬಿದ್ದಿದೆ. ಕಣ್ಣಿಗೆ ಯಾವ ದೋಷವೂ ಕಾಣದು, ಹುಡುಕಿದರೆ ಸಿಗದು. ಅಂಧರಿಗೆ ಓದಿ ಹೇಳುವ ತಂತ್ರಾಂಶಕ್ಕೂ ಅದು ಪದದ ನಡುವೆ ಬಂದು ಕೂತ ಒಂದು ಅಂಕಿ. ಕದ್ದು ಮುಚ್ಚಿ ಬರೆಯಬೇಕೆಂದು ಹೊರಟವನು ಮಾಡುವುದನ್ನೇ ಇಲ್ಲಿ ಒಬ್ಬ ಅಮಾಯಕ ಬೆರಳಚ್ಚುಗಾರ ಮಾಡಿರುತ್ತಾನೆ.

ಪದವೊಂದರಲ್ಲಿ ಎಷ್ಟು ಚಿಹ್ನೆಗಳಿವೆ ಎಂಬುದು ಸಂದೇಶದ ಅಳತೆಗೂ ಸಂಬಂಧಿಸಿದ ಸಂಗತಿ. ಬರೀ ಇಂಗ್ಲಿಷ್ ಅಕ್ಷರಗಳ ಎಸ್ಸೆಮ್ಮೆಸ್ಸಿನಲ್ಲಿ 160 ಚಿಹ್ನೆ ಹಿಡಿಸುತ್ತದೆ, ಕನ್ನಡದ್ದರಲ್ಲಿ 70. ಹನ್ನೆರಡು ಚಿಹ್ನೆಯ ಒಂದು ಪದ ಅದರಲ್ಲಿ ಆರನೆಯ ಒಂದು ಭಾಗ ನುಂಗಿಬಿಡುತ್ತದೆ. ಕಾಡಾನೆಗಳು ಯಾವ ತೋಟದ ಬದಿಯಲ್ಲಿವೆ ಎಂದು ಅರಣ್ಯ ಇಲಾಖೆ ಈ ಭಾಗದ ಜನರಿಗೆ ಕಳಿಸುವ ಮೊಬೈಲ್ ಸಂದೇಶಗಳಿಗೂ ಕನ್ನಡದಲ್ಲಿದ್ದರೆ ಇದೇ ಮಿತಿ. ಇಂಗ್ಲಿಷ್ ಸಂದೇಶದೊಳಗೆ ಯಾರಾದರೂ ವೇಷದ ಅಕ್ಷರ ಒಂದನ್ನು ತೂರಿಸಿದರೂ ಇಡೀ ಸಂದೇಶ 160ರಿಂದ 70ರ ಲೆಕ್ಕಕ್ಕೆ ಇಳಿಯುತ್ತದೆ. ಕಳಿಸುವವರ ಬಿಲ್ಲು ಏರಿದಾಗಲಷ್ಟೇ ಅದು ಬಯಲಾಗುವುದುಂಟು.

ಹೊರಗಿನ ಪ್ರಕರಣಗಳು

ಜಗತ್ತಿನ ಚರ್ಚೆ ಬಹುಪಾಲು ರೋಮನ್ ಮತ್ತು ಸಿರಿಲಿಕ್ ಲಿಪಿಗಳ ಸುತ್ತಲೇ ನಡೆದಿದೆ. ರೋಮನ್ ವರ್ಣಮಾಲೆಯ ಮೊದಲ ಸಣ್ಣಕ್ಷರದ ಸಂಖ್ಯೆ 97. ಕೂದಲೆಳೆಯ ವ್ಯತ್ಯಾಸವೂ ಇಲ್ಲದ ಸಿರಿಲಿಕ್ ಅಕ್ಷರದ ಸಂಖ್ಯೆ 1072. 2002ರಲ್ಲಿ ಎವ್ಗೆನಿ ಗಾಬ್ರಿಲೋವಿಚ್ ಮತ್ತು ಅಲೆಕ್ಸ್ ಗಾಂಟ್‌ಮಾಖರ್ ಎಂಬ ಸಂಶೋಧಕರು ಮೈಕ್ರೋಸಾಫ್ಟ್ ಹೆಸರಿನಲ್ಲಿ ಸಿರಿಲಿಕ್ ಅಕ್ಷರ ಬೆರೆಸಿದ ಜಾಲವಿಳಾಸವನ್ನು ನೋಂದಾಯಿಸಿ ತೋರಿಸಿದರು. 2017ರಲ್ಲಿ ಶುಡಾಂಗ್ ಝೆಂಗ್ ಎಂಬಾತ ಆ್ಯಪಲ್ ಕಂಪನಿಯ ವಿಳಾಸವನ್ನು ಪೂರ್ತಿ ಸಿರಿಲಿಕ್ ಅಕ್ಷರಗಳಲ್ಲೇ ಬರೆದು ತೋರಿಸಿದ ಮೇಲೆ ಕ್ರೋಮ್ ತನ್ನ ನಿಯಮ ಬಿಗಿ ಮಾಡಿತು. 2021ರಲ್ಲಿ ಕೇಂಬ್ರಿಜ್‌ನ ನಿಕೊಲಸ್ ಬೌಚರ್ ಮತ್ತು ರಾಸ್ ಆ್ಯಂಡರ್‌ಸನ್, ಅರೇಬಿಕ್–ಹೀಬ್ರೂ ಬರಹದ ದಿಕ್ಕು ತಿರುಗಿಸಲು ಇರುವ ಕಾಣದ ಚಿಹ್ನೆಗಳಿಂದ ಪ್ರೋಗ್ರಾಮಿನ ಸಾಲುಗಳನ್ನೇ ಮನುಷ್ಯರ ಕಣ್ಣಿಗೆ ಹಿಂದುಮುಂದಾಗಿಸಬಹುದು ಎಂದು ತೋರಿಸಿದರು.

ಫೋನಿನ ಸ್ಟೇಟಸ್ಸುಗಳಲ್ಲಿ ಕಾಣುವ ದಪ್ಪ, ಓರೆ, ಬಳ್ಳಿಬಳ್ಳಿಯಾದ ಇಂಗ್ಲಿಷ್ ಹೆಸರುಗಳು ಬೇರೆ ಜಾತಿಯವು. ಗಣಿತದ ಸೂತ್ರಗಳಿಗೆಂದು 2001ರಲ್ಲಿ ಯುನಿಕೋಡಿಗೆ ಸೇರಿದ ಅಕ್ಷರಗಳನ್ನು ಜನ ಅಲಂಕಾರಕ್ಕೆ ಎತ್ತಿಕೊಂಡಿದ್ದಾರೆ. ಕನ್ನಡ ಅಕ್ಷರಗಳಿಗೆ ಅಂಥ ಗಣಿತರೂಪಗಳು ಇಲ್ಲ. ಕನ್ನಡದ ಹುಡುಗರು ಸಿಂಗಾರ ಬೇಕಾದಾಗ ಇಂಗ್ಲಿಷಿಗೆ ಜಾರುವುದಕ್ಕೆ ಇದೂ ಒಂದು ಕಾರಣವಿದ್ದೀತು.

ಕನ್ನಡ–ತೆಲುಗು

ಕನ್ನಡಕ್ಕೆ ಸಿರಿಲಿಕ್ಕಿನ ಸ್ಥಾನದಲ್ಲಿರುವುದು ತೆಲುಗು. ಎರಡೂ ಲಿಪಿಗಳು ಒಂದೇ ಬೇರಿನವು, ಶತಮಾನಗಳ ಕಾಲ ಒಂದೇ ಆಗಿದ್ದವು. ಭಾರತೀಯ ಲಿಪಿಗಳಿಗೆ ಮೊದಲು ರೂಪಿಸಿದ್ದ ಇಸ್ಕಿ ಸಂಕೇತದಲ್ಲಿ ಎಲ್ಲ ಲಿಪಿಗಳ ‘ಕ’ಕ್ಕೂ ಒಂದೇ ಸಂಖ್ಯೆ. ಯುನಿಕೋಡ್ ಅದೇ ಜೋಡಣೆಯನ್ನು ಉಳಿಸಿಕೊಂಡು ಒಂದೊಂದು ಲಿಪಿಗೂ 128 ಮನೆಗಳ ಓಣಿ ಕೊಟ್ಟಿತು. ತೆಲುಗಿನದು 3072ರಿಂದ 3199, ಕನ್ನಡದ್ದು ಅದಕ್ಕೆ ತಾಗಿಕೊಂಡೇ 3200ರಿಂದ 3327. ಆದ್ದರಿಂದ ತೆಲುಗಿನ ಅಕ್ಷರದ ಸಂಖ್ಯೆಗೆ 128 ಕೂಡಿಸಿದರೆ ಅದೇ ಉಚ್ಚಾರದ ಕನ್ನಡ ಅಕ್ಷರ. ತೆಲುಗಿನ ಕ 3093, ನಮ್ಮ ಕ 3221.

ತಲಕಟ್ಟಿನಿಂದಾಗಿ ಎರಡು ಲಿಪಿಗಳ ಹಲವು ಅಕ್ಷರಗಳು ನೋಡಿದ ಕೂಡಲೇ ಬೇರೆ ಎಂದು ಗೊತ್ತಾಗುತ್ತವೆ. ಆದರೆ ಅ, ಆ, ಇ, ಒ, ಓ, ಜ, ಣ, ಲ ಮುಂತಾದವುಗಳಲ್ಲಿ ಗೊತ್ತುಹಿಡಿಯುವುದು ಕಷ್ಟ. ‘ಜಲ’ ಎಂಬ ಪದವನ್ನು ತೆಗೆದುಕೊಳ್ಳಿ. ಕನ್ನಡದಲ್ಲಿ ಅದು 3228 ಮತ್ತು 3250. ತೆಲುಗಿನಲ್ಲಿ 3100 ಮತ್ತು 3122. ಪರದೆಯ ಮೇಲೆ ಎರಡನ್ನೂ ಅಕ್ಕಪಕ್ಕ ಇಟ್ಟರೂ ಹೇಳುವುದು ಸುಲಭವಲ್ಲ. ಒಂದೇ ಪದದಲ್ಲಿ ಎರಡು ಲಿಪಿ ಬೆರೆತಿದ್ದರೆ ತಂತ್ರಾಂಶ ಹಿಡಿಯುತ್ತದೆ. ಪದವಿಡೀ ತೆಲುಗಿನದೇ ಆಗಿದ್ದರೆ ಅದಕ್ಕೆ ಅನುಮಾನಪಡಲು ಕಾರಣವೇ ಸಿಗುವುದಿಲ್ಲ. ‘ಜಲ’ ತೆಲುಗಿನಲ್ಲೂ ಒಳ್ಳೆಯ ಪದವೇ.

ತೆಲುಗಿನ ನೆನಪು ಬಂದಾಗ 2018ರ ಫೆಬ್ರುವರಿಯ ಪ್ರಸಂಗ ಬಿಡುವಂತಿಲ್ಲ. ತೆಲುಗಿನ ‘ಜ್ಞಾ’ ಅಕ್ಷರದ ನಡುವೆ ಶೂನ್ಯ ಅಗಲದ ವಿಭಾಜಕ ಸೇರಿದ ಒಂದು ಜೋಡಣೆಯನ್ನು ತೋರಿಸಲು ಹೋಗಿ ಐಫೋನಿನ ಆ್ಯಪ್‌ಗಳು ಕುಸಿದು ಬೀಳುತ್ತಿದ್ದವು. ಜನ ಅದನ್ನೇ ಗೆಳೆಯರಿಗೆ ಕಳಿಸಿ ಫೋನು ಕೆಡಿಸುವ ಆಟವಾಡಿದರು. ಅದೇ ತಿಂಗಳು ಕಂಪನಿ ತಿದ್ದುಪಡಿ ಹೊರಡಿಸಿತು.

ಹಳೆಯ ಫಾಂಟುಗಳ ವೇಷ

ಕನ್ನಡದ ಅತಿ ದೊಡ್ಡ ಅಕ್ಷರವೇಷ ಮಾತ್ರ ಯಾವ ವಂಚಕನದೂ ಅಲ್ಲ. ಕನ್ನಡ ಅಕ್ಷರಗಳಿಗೆ 1991ರಲ್ಲೇ ಯುನಿಕೋಡಿನ ಮೊದಲ ಆವೃತ್ತಿಯಲ್ಲಿ ಜಾಗ ಸಿಕ್ಕಿತ್ತು. ಆದರೆ ಅವನ್ನು ಒತ್ತು, ಗುಣಿತಗಳೊಡನೆ ಸರಿಯಾಗಿ ಮೂಡಿಸುವ ಕಂಪ್ಯೂಟರು ಮೇಜಿಗೆ ಬರಲು ಇನ್ನೂ ಸುಮಾರು ಹತ್ತು ವರ್ಷ ಹಿಡಿಯಿತು. ಅಷ್ಟರಲ್ಲಿ ಕೆಲಸ ನಿಲ್ಲುವಂತಿರಲಿಲ್ಲ. 1998ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ ಅವರ ‘ಬರಹ’ ತಂತ್ರಾಂಶ ಬಂತು, ಆಮೇಲೆ ಕನ್ನಡ ಗಣಕ ಪರಿಷತ್ತು ಸರ್ಕಾರಕ್ಕಾಗಿ ನುಡಿ ತಂತ್ರಾಂಶ ರೂಪಿಸಿತು, ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ಕನ್ನಡದ ಕೈಗೆ ಒಗ್ಗಿತು. ಇವುಗಳ ಹಳೆಯ ಫಾಂಟುಗಳು ಮಾಡಿದ ಉಪಾಯ ಸರಳ. ಯುರೋಪಿನ ಅಕ್ಷರಗಳಿಗೂ ಚಿಹ್ನೆಗಳಿಗೂ ಇದ್ದ ಸಂಖ್ಯೆಗಳನ್ನು ಹಾಗೇ ಇಟ್ಟುಕೊಂಡು, ಚಿತ್ರ ಮಾತ್ರ ಕನ್ನಡದ ತುಂಡುಗಳದ್ದು ಬಿಡಿಸಿದರು.

ನುಡಿಯ ಹಳೆಯ ಸಂಕೇತದಲ್ಲಿ ‘ಆಲೂರು’ ಎಂದರೆ ಕಡತದೊಳಗೆ ಇರುವುದು ಇಷ್ಟು: ಇಂಗ್ಲಿಷಿನ ದೊಡ್ಡ ‘ಡಿ’, ವೃತ್ತದೊಳಗೆ ‘ಆರ್’ ಇರುವ ಟ್ರೇಡ್‌ಮಾರ್ಕ್ ಚಿಹ್ನೆ, ‘ಎ’ ಮತ್ತು ‘ಇ’ ಅಂಟಿಕೊಂಡ ಡೇನಿಷ್ ಅಕ್ಷರ, ಸಣ್ಣ ‘ಜಿ’, ತಲೆಯ ಮೇಲೆ ಎಡಕ್ಕೆ ವಾಲಿದ ಗೀಟಿರುವ ‘ಎ’, ಎರಡು ಚುಕ್ಕಿಯ ‘ಎ’. ಸಕಲೇಶಪುರ ಇನ್ನೂ ಸೊಗಸು. ಯುನಿಕೋಡಿನಲ್ಲಿ ಎಂಟು ಚಿಹ್ನೆಗಳ ಈ ಹೆಸರು ಹಳೆಯ ನುಡಿಯಲ್ಲಿ ಹದಿನಾಲ್ಕು. ಅದರ ‘ಶ’ದೊಳಗೆ ಗಣಿತದ ಕೂಡು–ಕಳೆ ಚಿಹ್ನೆ, ‘ಪು’ವಿನೊಳಗೆ ಜಪಾನಿನ ಯೆನ್ ನಾಣ್ಯದ ಗುರುತು. ‘ಹಾಸನ’ದ ನ ಬ್ರಿಟಿಷ್ ಪೌಂಡ್. ಫಾಂಟು ಇರುವ ಕಂಪ್ಯೂಟರಿನಲ್ಲಿ ಅಪ್ಪಟ ಕನ್ನಡ. ಇಲ್ಲದ ಕಡೆ ತೆರೆದರೆ ಯೆನ್ನು ಪೌಂಡುಗಳ ಚೆಲ್ಲಾಪಿಲ್ಲಿ.

ಹಳೆಯ ಸರ್ಕಾರಿ ಆದೇಶಗಳು, ಪಂಚಾಯಿತಿ ನಡಾವಳಿಗಳು, ಪತ್ರಿಕೆಗಳ ಹಳೆಯ ಪುಟಗಳು, ಪುಸ್ತಕಗಳ ಮೂಲಪ್ರತಿಗಳು ದೊಡ್ಡ ಪ್ರಮಾಣದಲ್ಲಿ ಇಂಥ ಸಂಕೇತಗಳಲ್ಲೇ ಇವೆ. ಮುದ್ರಣಾಲಯಗಳು ಬಳಸುತ್ತಿದ್ದ ಶ್ರೀಲಿಪಿ, ಆಕೃತಿಗಳ ಸಂಖ್ಯೆಗಳು ನುಡಿಗಿಂತ ಬೇರೆ, ಪರಸ್ಪರವೂ ಬೇರೆ. ಪರಿಣಾಮ ಏನೆಂದರೆ, ಪಿಡಿಎಫ್ ತೆರೆದು ‘ಸಕಲೇಶಪುರ’ ಎಂದು ಹುಡುಕಿದರೆ ಪುಟದ ತಲೆಯಲ್ಲೇ ದಪ್ಪಕ್ಷರದಲ್ಲಿ ಆ ಹೆಸರಿದ್ದರೂ ‘ಸಿಗಲಿಲ್ಲ’ ಎಂಬ ಉತ್ತರ. ಯಾವ ಕಳ್ಳನೂ ಇಷ್ಟು ದೊಡ್ಡ ರಾಶಿಯನ್ನು ಇಷ್ಟು ಚೆನ್ನಾಗಿ ಮುಚ್ಚಿಟ್ಟಿರಲಾರ. ಈ ಬರಹವನ್ನು ಯುನಿಕೋಡಿಗೆ ತಿರುಗಿಸುವ ಪರಿವರ್ತಕಗಳಿವೆ. ಅರ್ಕಾವತ್ತಿನ ಜಾಗ ಅದಲುಬದಲು ಮಾಡುವುದು ಅವುಗಳಿಗೆ ತುಸು ತಲೆನೋವಿನ ಕೆಲಸ: ಹಳೆಯ ಫಾಂಟಿನಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವಂತೆ ಅಕ್ಷರದ ಆಮೇಲೆ ಬರುತ್ತದೆ, ಯುನಿಕೋಡಿನಲ್ಲಿ ಉಚ್ಚಾರದಂತೆ ಮೊದಲೇ.

ಕೃತಿಚೌರ್ಯ ಪತ್ತೆಗೂ ಇದರ ನಂಟಿದೆ. ವಿಶ್ವವಿದ್ಯಾಲಯ ಅನುದಾನ ಆಯೋಗದ 2018ರ ನಿಯಮಗಳ ಪ್ರಕಾರ ಪ್ರಬಂಧದಲ್ಲಿ ಶೇ 10ಕ್ಕಿಂತ ಹೆಚ್ಚು ಹೋಲಿಕೆ ಕಂಡರೆ ಹಂತಹಂತವಾಗಿ ಕ್ರಮವಿದೆ. ಇಂಗ್ಲಿಷಿನಲ್ಲಿ ಸಿರಿಲಿಕ್ ಅಕ್ಷರ ಬೆರೆಸಿ ಈ ಶೇಕಡಾವಾರನ್ನು ಇಳಿಸುವ ಕುತಂತ್ರ ಹಳೆಯದು. ತಂತ್ರಾಂಶಗಳು ಈಗ ಅದನ್ನು ಗುರುತಿಸುತ್ತವೆ. ಕನ್ನಡ ಪ್ರಬಂಧ ಹಳೆಯ ನುಡಿ ಫಾಂಟಿನಲ್ಲಿದ್ದರೆ ಕುತಂತ್ರದ ಅಗತ್ಯವೇ ಇಲ್ಲ. ಯೆನ್ನು ಪೌಂಡುಗಳ ಸಾಲನ್ನು ಯುನಿಕೋಡ್ ಕನ್ನಡದ ಜೊತೆ ಹಾಗೇ ಹೋಲಿಸಿದರೆ ಒಂದು ಪದವೂ ತಾಳೆಯಾಗದು.

ವೇಷವಾಗಿ ಕನ್ನಡ, ಮತ್ತು ನಂಬರ್ ಪ್ಲೇಟು

ಯುನಿಕೋಡಿನ ‘ವಿಚಿತ್ರ ಅಕ್ಷರ’ ಯಾವುದು ಎಂಬುದು ನೋಡುವವರು ಎಲ್ಲಿ ನಿಂತಿದ್ದಾರೆ ಎಂಬುದರ ಮೇಲೆ ನಿಂತಿದೆ. ಕನ್ನಡದ ಒಂದಕ್ಷರವೂ ಓದಲು ಬಾರದ ಲಕ್ಷಾಂತರ ಜನ ನಮ್ಮ ಠಕಾರವನ್ನು ಬಲ್ಲರು: ಠ_ಠ ಎಂದರೆ ಅವರಿಗೆ ಹುಬ್ಬು ಗಂಟಿಕ್ಕಿ ದುರುಗುಟ್ಟುವ ಎರಡು ಕಣ್ಣು. ಥ_ಥ ಎಂದರೆ ಅಳುವ ಮುಖ. ಮಹಾಪ್ರಾಣ ಬೇಕೇ ಬೇಡವೇ ಎಂದು ನಾವು ಜಗಳವಾಡುತ್ತಿರುವಾಗ ಠಕಾರ ತನ್ನ ಪಾಡಿಗೆ ತಾನು ಜಗತ್ತು ಸುತ್ತಿ ಬಂದಿದೆ. ಹಳಗನ್ನಡದ ೞ ಅಕ್ಷರದ ಪಾಡು ಬೇರೆ: ಯುನಿಕೋಡಿನ ಮೂಲ ಪಟ್ಟಿಯಲ್ಲಿ ಅದಕ್ಕೆ ತಪ್ಪಾಗಿ ‘ಫ’ ಎಂದು ಹೆಸರು ಬಿದ್ದಿತು. ಒಮ್ಮೆ ಇಟ್ಟ ಹೆಸರು ಬದಲಿಸಬಾರದೆಂಬ ನಿಯಮದಿಂದ ಆ ಹೆಸರು ಇವತ್ತಿಗೂ ಹಾಗೇ ಇದೆ.

ರಸ್ತೆಯಲ್ಲೂ ಅಕ್ಷರವೇಷದ ದಾಯಾದಿ ಇದೆ. ಸಕಲೇಶಪುರದ ಸಾರಿಗೆ ಕಚೇರಿಯ ಸಂಕೇತ ಕೆಎ–46. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ನೋಂದಣಿ ಸಂಖ್ಯೆಯನ್ನು ಇಂಗ್ಲಿಷ್ ಅಕ್ಷರ ಮತ್ತು ಅರೇಬಿಕ್ ಅಂಕಿಗಳಲ್ಲೇ ಬರೆಯಿಸಬೇಕು. ಆದರೂ ೪೬ ಎಂದು ಕನ್ನಡ ಅಂಕಿಯಲ್ಲಿ ಬರೆಸಿದ ಪ್ಲೇಟುಗಳು ರಾಜ್ಯದ ರಸ್ತೆಗಳಲ್ಲಿ ಕಾಣಸಿಗುತ್ತವೆ. ಹೆಚ್ಚಿನವರದು ಭಾಷಾಭಿಮಾನ, ಕ್ಯಾಮೆರಾ ಓದದಿರಲಿ ಎಂಬ ಆಸೆಯೂ ಕೆಲವರಿಗೆ ಇದ್ದರೆ ಅಚ್ಚರಿಯಿಲ್ಲ. ಇಲ್ಲಿ ಒಂದು ತಮಾಷೆಯಿದೆ. ಇಂಗ್ಲಿಷ್ ಅಂಕಿಗಳನ್ನಷ್ಟೇ ಕಲಿತ ಕ್ಯಾಮೆರಾ ೪೬ರ ಮುಂದೆ ತಬ್ಬಿಬ್ಬಾದರೂ, ಪೈಥಾನ್ ಭಾಷೆಯ ಪ್ರೋಗ್ರಾಮಿಗೆ ಯುನಿಕೋಡಿನ ೪೬ನ್ನು ಸಂಖ್ಯೆಯಾಗಿ ಕೊಟ್ಟರೆ ಅದು ತಕರಾರಿಲ್ಲದೆ 46 ಎಂದೇ ಎಣಿಸುತ್ತದೆ. ಯುನಿಕೋಡಿಗೆ ಎರಡೂ ಅಂಕಿಗಳೇ. ಹೀಗಾಗಿ ಫೋನ್ ನಂಬರುಗಳನ್ನು ಕನ್ನಡ ಅಂಕಿಯಲ್ಲಿ ಬರೆದು ಸೋಸುವ ತಂತ್ರಾಂಶವನ್ನು ದಾಟಿಸುವ ಉಪಾಯ ಒಂದು ಕಡೆ ಫಲಿಸುತ್ತದೆ, ಇನ್ನೊಂದು ಕಡೆ ಸಿಕ್ಕಿಬೀಳುತ್ತದೆ.

ಬೈಗುಳದ ವಿಷಯದಲ್ಲಿ ಕನ್ನಡಿಗರು ಇಷ್ಟೆಲ್ಲ ಕಷ್ಟಪಡುವುದು ಕಡಿಮೆ. ಇಂಗ್ಲಿಷ್ ಅಕ್ಷರದಲ್ಲಿ ಮನಸ್ಸಿಗೆ ಬಂದಂತೆ ಕಾಗುಣಿತ ಹಾಕಿ ಕನ್ನಡ ಬರೆದರೆ ಸಾಕು, ಅದೇ ವೇಷ. ಇಂಥ ಬೆರಕೆ ಬರಹದಲ್ಲಿ ನಿಂದನೆ ಗುರುತಿಸುವುದನ್ನು ಯಂತ್ರಕ್ಕೆ ಕಲಿಸಲೆಂದೇ ಯೂಟ್ಯೂಬ್ ಟಿಪ್ಪಣಿಗಳಿಂದ ಆಯ್ದ ಕನ್ನಡ–ಇಂಗ್ಲಿಷ್ ಪಠ್ಯಸಂಗ್ರಹವೊಂದು 2020ರಲ್ಲಿ ಪ್ರಕಟವಾಯಿತು.

ಪರಿಹಾರಗಳು, ಅವುಗಳ ಉಪಟಳ

ಯುನಿಕೋಡ್ ಒಕ್ಕೂಟ ಗೊಂದಲ ಹುಟ್ಟಿಸುವ ಅಕ್ಷರಗಳ ದೊಡ್ಡ ಪಟ್ಟಿಯೊಂದನ್ನು ಪ್ರಕಟಿಸಿದೆ. ಕನ್ನಡದ ಅ ತೆಲುಗಿನ ಅಕಾರದ ಜೊತೆ, ಕನ್ನಡದ ಸೊನ್ನೆ ರೋಮನ್ನಿನ ಉರುಟು ಸಣ್ಣಕ್ಷರದ ಜೊತೆ ಅದರಲ್ಲಿ ಜೋಡಿಯಾಗಿವೆ. ಎರಡು ಪದಗಳ ಪ್ರತಿ ಅಕ್ಷರವನ್ನೂ ಈ ಪಟ್ಟಿಯ ಮೂಲರೂಪಕ್ಕೆ ಇಳಿಸಿ, ಉಳಿದ ಅಸ್ಥಿಪಂಜರಗಳು ಒಂದೇ ಆಗಿದ್ದರೆ ಅನುಮಾನಪಡುವುದು ವಿಧಾನ. ಹೋಲಿಕೆಗೆ ಮಾತ್ರ ಇದನ್ನು ಬಳಸಬೇಕು, ಮೂಲ ಬರಹವನ್ನು ಮುಟ್ಟಬಾರದು.

ಇನ್ನೊಂದು ವಿಧಾನ ಏಕರೂಪೀಕರಣ. ‘ಕೋ’ ಎಂಬುದನ್ನು ಕ ಮತ್ತು ಓತ್ವ ಎಂದು ಎರಡು ಚಿಹ್ನೆಯಾಗಿಯೂ, ಕ, ಎತ್ವ, ಊಕಾರದ ಕೊಂಬು, ದೀರ್ಘ ಎಂದು ನಾಲ್ಕು ಚಿಹ್ನೆಯಾಗಿಯೂ ಬರೆಯಬಹುದು. ಎರಡೂ ಒಂದೇ ಎಂದು ಯುನಿಕೋಡ್ ವಿಧಿಸಿದೆ. ಒಂದು ರೂಪಕ್ಕೆ ತಂದು ಹೋಲಿಸಿದರೆ ತೊಂದರೆಯಿಲ್ಲ. ಅನುಸ್ವಾರ ಮತ್ತು ಸೊನ್ನೆಗೆ ಮಾತ್ರ ಈ ಔಷಧಿ ತಾಗದು, ಏಕೆಂದರೆ ಅವು ನಿಜಕ್ಕೂ ಬೇರೆ ಬೇರೆ. ಸುತ್ತ ಅಕ್ಷರಗಳಿದ್ದರೆ ಅನುಸ್ವಾರ, ಅಂಕಿಗಳಿದ್ದರೆ ಸೊನ್ನೆ ಎಂದು ಸಂದರ್ಭ ನೋಡಿಯೇ ತಿದ್ದಬೇಕು.

ಕೆಡುಕು ಶುರುವಾಗುವುದು ಇಂಗ್ಲಿಷಿಗೆಂದು ಮಾಡಿದ ಶುದ್ಧೀಕರಣವನ್ನು ಕನ್ನಡದ ಮೇಲೆ ಹರಿಯಬಿಟ್ಟಾಗ. ಅಕ್ಷರದ ಮೇಲೆ ಕೆಳಗೆ ಅಂಟಿದ ಗುರುತುಗಳನ್ನೆಲ್ಲ ಒರೆಸುವುದು ಫ್ರೆಂಚ್ ಹೆಸರುಗಳಿಗೆ ನಡೆದೀತು. ಕನ್ನಡದಲ್ಲಿ ಸ್ವರಚಿಹ್ನೆಗಳೇ ಆ ಗುಂಪಿನವು. ಒರೆಸಿದರೆ ಸಕಲೇಶಪುರ ‘ಸಕಲಶಪರ’ವಾಗುತ್ತದೆ, ಆಲೂರು ‘ಆಲರ’. ಕಾಣದ ಚಿಹ್ನೆಗಳೆಲ್ಲ ಕಳ್ಳಮಾಲು ಎಂದು ತೆಗೆದುಹಾಕುವ ಸೋಸುಕವೂ ಅಷ್ಟೇ. 8203 ಸಂಖ್ಯೆಯ ಶೂನ್ಯ ಅಗಲದ ತೆರಪು ಕನ್ನಡ ಪದದೊಳಗೆ ಬೇಕಿಲ್ಲ, ತೆಗೆಯಬಹುದು. ಆದರೆ ಪಕ್ಕದ 8204 ಮತ್ತು 8205ರ ಜೋಡಿಗೆ ಇಲ್ಲಿ ದಿನನಿತ್ಯದ ಕೆಲಸವಿದೆ. ರ ಅಕ್ಷರಕ್ಕೆ ಯ ಒತ್ತು ಕೊಟ್ಟು ‘ರ‍್ಯಾಂಕ್’ ಎಂದು ಬರೆಯಲು 8205 ಬೇಕೇ ಬೇಕು. ಕಿತ್ತರೆ ಅದು ಅರ್ಕಾವತ್ತಾಗಿ ‘ರ್ಯಾಂಕ್’ ಆಗುತ್ತದೆ. ಈ ಎರಡು ಚಿಹ್ನೆಗಳು ಹಲಂತದ ಮಗ್ಗುಲಲ್ಲಿದ್ದರೆ ಉಳಿಸಿ, ಬೇರೆಲ್ಲಿದ್ದರೂ ತೆಗೆಯಿರಿ ಎಂಬ ನಿಯಮವೊಂದನ್ನು ಬರೆದರೆ ಕನ್ನಡದ ಮಟ್ಟಿಗೆ ಬಹುತೇಕ ಸಾಕು. ಎಷ್ಟೋ ತಂತ್ರಾಂಶಗಳು ಅಷ್ಟನ್ನೂ ಮಾಡುವುದಿಲ್ಲ.

ಜಾಲವಿಳಾಸಗಳಲ್ಲಿ ಕಟ್ಟುನಿಟ್ಟು ಇನ್ನೂ ಹೆಚ್ಚು. ಕನ್ನಡ ಲಿಪಿಯ ‘.ಭಾರತ’ ಈಗ ವಿಳಾಸದ ಕೊನೆಯ ಭಾಗವಾಗಿ ಚಾಲ್ತಿಯಲ್ಲಿದೆ. ಇಂಥ ಕೊನೆಯ ಭಾಗಗಳಿಗೆ ಯಾವ ಅಕ್ಷರ ಬಳಸಬಹುದೆಂಬ ಕನ್ನಡದ ನಿಯಮಾವಳಿಯನ್ನು ಬ್ರಾಹ್ಮೀಮೂಲದ ಲಿಪಿಗಳ ತಜ್ಞರ ತಂಡ 2019ರಲ್ಲಿ ಜಾಲವಿಳಾಸಗಳ ಉಸ್ತುವಾರಿ ನೋಡುವ ಐಕ್ಯಾನ್ ಸಂಸ್ಥೆಗೆ ಒಪ್ಪಿಸಿತು. ಕನ್ನಡ, ತೆಲುಗಿನ ಒಂದೇ ರೂಪದ ಅಕ್ಷರಗಳನ್ನು ಅದರಲ್ಲಿ ಪರಸ್ಪರ ಪರ್ಯಾಯ ಎಂದು ಗುರುತಿಸಲಾಗಿದೆ; ಒಂದು ಲಿಪಿಯಲ್ಲಿ ‘ಜಲ’ ಯಾರಿಗಾದರೂ ಸಿಕ್ಕರೆ ಇನ್ನೊಂದು ಲಿಪಿಯ ‘ಜಲ’ ಬೇರೆಯವರ ಪಾಲಾಗುವಂತಿಲ್ಲ. ವಿಳಾಸದ ಉಳಿದ ಭಾಗಗಳಲ್ಲಿ ಹಲಂತದ ನಂತರ ಕಾಣದ ಚಿಹ್ನೆಗಳಿಗೆ 2010ರ ಅಂತರಜಾಲ ಶಿಷ್ಟತೆ ಅವಕಾಶ ಕೊಟ್ಟಿದೆ. ಕೊನೆಯ ಭಾಗದಲ್ಲಿ ಮಾತ್ರ ಅವಕ್ಕೆ ಪೂರ್ತಿ ನಿಷೇಧ. ‘ರ‍್ಯಾಂಕ್’, ‘ರ‍್ಯಾಲಿ’ಯಂಥ ಹೆಸರುಗಳಿಗೆ ಅಲ್ಲಿ ಅರ್ಕಾವತ್ತಿನ ರೂಪವೇ ಗತಿ.